ಮೀಸಲು ನೆಲದ ಆಲೂಗಡ್ಡೆ

"ಏ ಮುದುಕಿ! ಮಣ್ಣಲ್ಲಿ ಹೇನು ಹೆಕ್ತಾ ಕೂತಿದೀಯೇನೇ? ಗುದ್ದಲಿ ಕೊಟ್ಟಿರೋದು ಯಾತಕ್ಕೆ, ಬೆನ್ನು ಕೆರ್ಕೊಳ್ಳೋಕಾ?"

ಬಿಳಿ ಧಣಿ ಹ್ಯಾಡೋ ಕುದುರೆಯ ಮೇಲಿಂದಲೇ ಕೂಗಿದ. ಮಕರೆತಾ ತಲೆ ಎತ್ತಲಿಲ್ಲ. ಗುದ್ದಲಿಯನ್ನು ಪಕ್ಕಕ್ಕಿಟ್ಟು, ಸಾಲಿನಲ್ಲಿ ಮಂಡಿಯೂರಿ, ಬರಿಗೈಯಿಂದ ಮಣ್ಣು ಕೆದಕುತ್ತಿದ್ದಳು. ಬೆರಳಿಗೆ ಸಿಕ್ಕಿದ್ದನ್ನೆಲ್ಲ ಒಮ್ಮೆ ಒತ್ತಿ ನೋಡುವಳು. ಆಲೂಗಡ್ಡೆಯಾದರೆ ಮಂಕರಿಗೆ, ಕಲ್ಲಾದರೆ ಬದುವಿಗೆ. ಎರಡೂ ಅಲ್ಲದ್ದು ಕೈಗೆ ಸಿಕ್ಕೀತೆಂದೇ ಅವಳು ಈ ಕೂಲಿಗೆ ಬಂದದ್ದು.

"ಗುದ್ದಲಿ ಹಾಕಿದ್ರೆ ಗೆಡ್ಡೆ ಸೀಳಿ ಹೋಗ್ತದೆ ಧಣಿ."

"ಸೀಳಿದ್ರೆ ನಂದು ಸೀಳ್ತದೆ. ನಿಮ್ಮಪ್ಪನ ನೆಲವೇನೇ ಇದು?"

ಪಕ್ಕದ ಸಾಲಿನಲ್ಲಿದ್ದ ಅವಳ ತಮ್ಮ ಪಿರಿಪಿ, "ನಮ್ಮಪ್ಪಂದೇ" ಎಂದು ಮಣ್ಣಿಗೆ ಹೇಳಿದ. ಹ್ಯಾಡೋನ ಕುದುರೆ ಆಗಲೇ ಮುಂದೆ ಹೋಗಿತ್ತು.

ನದಿಯ ತಿರುವಿನ ಈ ನೆಲವನ್ನು ಅವರ ಅಪ್ಪ ಕಾರೈತಿಯಾನಾ ದೇವರ ಕೆಲಸಕ್ಕೆಂದು ಚರ್ಚಿನವರಿಗೆ ಕೊಟ್ಟು ಮೂವತ್ತೆಂಟು ವರ್ಷವಾಗಿತ್ತು. ಅಳತೆಯವರು ಬಂದು ಗೂಟ ಹೊಡೆದು, ನಕ್ಷೆಯಲ್ಲಿ ಕೆಂಪು ಗೆರೆ ಎಳೆದು, ಒಳಗೆ ಮೂರು ಮಾತು ಬರೆದರು: ಚರ್ಚು, ಶಾಲೆ, ಸ್ಮಶಾನ. ಆ ಕಾಲದಲ್ಲಿ ಸುತ್ತಲಿನ ಇವರ ಕುಲದ ನೆಲವನ್ನೆಲ್ಲ ಕೋರ್ಟು ಹೋಳು ಹೋಳು ಮಾಡಿ ಬಿಳಿಯರಿಗೆ ಹಂಚುತ್ತಿತ್ತು. "ಸರ್ಕಾರ ನಮ್ಮ ನೆಲಕ್ಕೆ ಕೈ ಹಾಕೀತು. ದೇವರ ನೆಲಕ್ಕೆ ಯಾರು ಹಾಕ್ತಾರೆ?" ಎಂದ ಕಾರೈತಿಯಾನಾ, ಬೆಟ್ಟದ ಗುಹೆಯಲ್ಲಿದ್ದ ಹಿರಿಯರ ಎಲುಬುಗಳನ್ನೆಲ್ಲ ಕೆಳಗಿಳಿಸಿದ. ಚಾಪೆಯಲ್ಲಿ ಸುತ್ತಿ, ಮೂರು ದಿನ ಗೋಳಾಡಿ, ಕೆಂಪು ಗೆರೆಯೊಳಗೆ ಮಣ್ಣು ಮಾಡಿದರು. ಗುಹೆಯಲ್ಲೇ ಬಿಟ್ಟಿದ್ದರೆ ಇವತ್ತಿಗೂ ಯಾರ ಕೈಗೂ ಸಿಗುತ್ತಿರಲಿಲ್ಲ.

ಶಾಲೆ ಬರುತ್ತದೆಂದು ಅವನೇ ಮೊಮ್ಮಗಳು ಎರೆನಾಳಿಗೆ ಹಡಗಿನವರಿಂದ ಒಂದು ಸ್ಲೇಟು ತಂದುಕೊಟ್ಟಿದ್ದ. ಎರಡು ವರ್ಷ ಅದು ಮಗುವಿನ ಕಂಕುಳು ಬಿಟ್ಟು ಇಳಿಯಲಿಲ್ಲ. ಶಾಲೆಗಿಂತ ಮೊದಲು ದಡಾರ ಬಂತು. ಮಕರೆತಾ ತನ್ನ ಒಬ್ಬಳೇ ಮಗಳನ್ನು ಸ್ಲೇಟಿನ ಸಮೇತ ಮಣ್ಣು ಮಾಡಿದಳು. ಆ ವರ್ಷ ಗುಂಡಿಯನ್ನು ಆಳವಾಗಿ ತೋಡುವಷ್ಟು ತ್ರಾಣ ಉಳಿದವರು ಯಾರೂ ಇರಲಿಲ್ಲ.

ಆಮೇಲೆ ಚರ್ಚು ನದಿಯಾಚೆ, ಬಿಳಿಯರ ಪೇಟೆಯಲ್ಲಿ ಎದ್ದಿತು. ಶಾಲೆಯೂ ಅಲ್ಲೇ ಆಯಿತು. ಸ್ಮಶಾನವೂ ಅಲ್ಲೇ. ನೆಲ ಮಾತ್ರ ಇಲ್ಲೇ ಉಳಿದು ಚರ್ಚಿನವರಿಂದ ಹ್ಯಾಡೋನಿಗೆ ಗುತ್ತಿಗೆಗೆ ಹೋಯಿತು. ಹೋದ ಚಳಿಗಾಲ ಸಾವಿನ ಮನೆಗೆಂದು ಕುಲದವರೆಲ್ಲ ಕಡಲ ಕಡೆ ಹೋಗಿ ಎಂಟು ದಿನದ ಮೇಲೆ ಬಂದರೆ, ಗೋರಿಗಳ ಬೇಲಿ ಇರಲಿಲ್ಲ. ಶಿಲುಬೆಗಳು ಹ್ಯಾಡೋನ ಸೌದೆ ಕೊಟ್ಟಿಗೆಯಲ್ಲಿದ್ದವು. ನೆಲವನ್ನು ಉತ್ತು ಹಾಕಿದ್ದರು.

ಅಲ್ಲಿ ಬೆಳೆದದ್ದನ್ನು ತಿಂದರೆ ಅಲ್ಲೇ ಮಣ್ಣಾದ ಅಪ್ಪನನ್ನು ತಿಂದಂತೆ. ಇವರಲ್ಲಿ ಒಬ್ಬರೂ ಒಂದು ಗೆಡ್ಡೆಯನ್ನೂ ಮನೆಗೆ ಒಯ್ಯಲಿಲ್ಲ. ಮಧ್ಯಾಹ್ನ ತೊರೆ ದಾಟಿ, ಕೈ ತೊಳೆದು, ತಂದಿದ್ದ ಗೆಣಸು ತಿನ್ನುತ್ತಿದ್ದರು. ಹ್ಯಾಡೋ ಪೇಟೆಯಲ್ಲಿ ಹೇಳಿಕೊಂಡು ತಿರುಗಿದ: "ಇವರಷ್ಟು ನಿಯತ್ತಿನ ಕೂಲಿಗಳು ಎಲ್ಲೂ ಸಿಕ್ಕಲ್ಲ. ಒಂದು ಗೆಡ್ಡೆ ಕದಿಯಲ್ಲ ನನ್ಮಕ್ಳು!"

ಗುರುವಾರ ಹೊತ್ತು ವಾಲಿದಾಗ ಮಕರೆತಾಳ ಬೆರಳಿಗೆ ಚಪ್ಪಟೆಯಾದ, ಅಂಚು ಮುರಿದ ಒಂದು ಚೂರು ಸಿಕ್ಕಿತು. ಕಲ್ಲಿನಂತೆ ತಣ್ಣಗಿತ್ತು, ಆದರೆ ಕಲ್ಲಿಗಿಂತ ನುಣುಪು. ಲಂಗದ ಅಂಚಿನಿಂದ ಒರೆಸಿದಳು. ಕಪ್ಪಗೆ ಹೊಳೆಯಿತು.

"ಪಿರಿಪಿ."

ಪಿರಿಪಿ ನೋಡಿದ. ಎದ್ದು, ಅವಳಿಗೂ ಹ್ಯಾಡೋನಿಗೂ ನಡುವೆ ಬೆನ್ನು ಮಾಡಿ ನಿಂತ. ಅವಳು ಹೆಕ್ಕಿದಳು. ಹೆಚ್ಚೇನೂ ಉಳಿದಿರಲಿಲ್ಲ. ನೇಗಿಲು ಬಿಟ್ಟಷ್ಟು, ಹಕ್ಕಿಯ ಎಲುಬಿನಷ್ಟು ಸಣ್ಣವು. ನಾರಿನ ಬುಟ್ಟಿಯಲ್ಲಿಟ್ಟು, ಮೇಲೆ ಆಲೂಗಡ್ಡೆಯ ಸೊಪ್ಪು ಹೊದಿಸಿದಳು.

ಸತ್ತವರ ಎಲುಬು ಮುಟ್ಟಿದ ಕೈ ಕೂಳು ಮುಟ್ಟಬಾರದು. ಎಲುಬು ಮಣ್ಣು ಸೇರಿ, ಕುಲದ ಹಿರಿಯರು ಕೈಗೆ ನೀರೆರೆದು ಆ ಕಟ್ಟು ಬಿಡಿಸುವ ತನಕ ಬೇರೆಯವರೇ ಉಣಿಸಬೇಕು. ಅಂದು ಸಂಜೆ ಪಿರಿಪಿ ಗೆಣಸಿನ ತುಂಡನ್ನು ಕಡ್ಡಿಗೆ ಚುಚ್ಚಿ ಅಕ್ಕನ ಬಾಯಿಗಿಟ್ಟ.

"ನಮ್ಮವ್ವ ನಿನಗೆ ಹಿಂಗೇ ತಿನ್ನಿಸ್ತಿದ್ಲು. ಕಚ್ತಿದ್ದೆ ನೀನು," ಎಂದಳು.

"ನೀನೂ ಕಚ್ಚು. ಹಲ್ಲಿದ್ರೆ ತಾನೇ," ಎಂದ ಪಿರಿಪಿ.

ಮಾರನೆಯ ದಿನ ಇಬ್ಬರೂ ಪೇಟೆಗೆ ಹೋಗಿ ಪಾದ್ರಿ ವಿಂಟನ್ನರ ಹಿತ್ತಲ ಬಾಗಿಲಲ್ಲಿ ನಿಂತರು. ಪಾದ್ರಿ ಕೆಟ್ಟವರೇನಲ್ಲ. ಮೆಟ್ಟಿಲ ಮೇಲೆ ಕೂರಲು ಹೇಳಿದರು.

"ಸ್ವಾಮಿ, ನನ್ನ ಮಗು ಸಿಕ್ತು," ಎಂದಳು ಮಕರೆತಾ. "ಆ ನೆಲದಲ್ಲೇ ಒಂದು ಮೂಲೆ ಕೊಡಿ. ಮಂಡಿಯೂರೋ ಅಷ್ಟು ಜಾಗ ಸಾಕು. ನೀವೇ ಬಂದು ಒಂದು ಪ್ರಾರ್ಥನೆ ಹೇಳಿ."

"ಅದು ಗುತ್ತಿಗೆಯಲ್ಲಿದೆಯಮ್ಮ. ಗುತ್ತಿಗೆ ಮುಗಿಯೋವರೆಗೆ ನಾನೂ ಅಲ್ಲಿ ಕಾಲಿಡೋ ಹಾಗಿಲ್ಲ."

"ಯಾವಾಗ ಮುಗೀತದೆ?"

"ಇನ್ನು ಹದಿನೇಳು ವರ್ಷ."

"ನಕ್ಷೇಲಿ ಸ್ಮಶಾನ ಅಂತ ಬರ್ದಿತ್ತಲ್ಲ ಸ್ವಾಮಿ," ಎಂದ ಪಿರಿಪಿ. "ನಾನೇ ಓದಿದೀನಿ."

"ಅದು ಹಳೇ ನಕ್ಷೆ. ಈಗಿನದರಲ್ಲಿ ಅಲ್ಲಿ ಒಂದು ಗೋರಿಯೂ ಇಲ್ಲ. ಸ್ಮಶಾನ ಪೇಟೆಯಲ್ಲಾಯ್ತಲ್ಲ."

"ಹಂಗಾದ್ರೆ ಅಲ್ಲೇ ಕೊಡಿ."

"ಅಲ್ಲಿ ಜಾಗವೆಲ್ಲ ಚರ್ಚಿನ ಸಭೆಯ ಮನೆತನಗಳ ಹೆಸರಿಗೆ ಬರೆದಾಗಿದೆ."

"ನಾವು ಸಭೆಯವರಲ್ವಾ? ಮೂವತ್ತು ವರ್ಷದಿಂದ ನಿಮ್ಮ ಗಂಟೆ ಹೊಡೀತಾ ಇರೋನು ಯಾರು ಸ್ವಾಮಿ?"

ಮಕರೆತಾ ಹೇಳಿದಳು: "ನಮ್ಮಲ್ಲಿ ಒಂದು ರೀತಿ ಐತೆ. ಯಾವ ಕೆಲಸಕ್ಕೆ ಕೊಟ್ರೋ ಆ ಕೆಲಸ ಆಗದಿದ್ರೆ, ಕೊಟ್ಟದ್ದು ಕೊಟ್ಟೋರ ಮನೆಗೆ ಬರ್ತದೆ. ದೋಣಿ ಕೊಟ್ರೂ ಹಂಗೇ, ನೆಲ ಕೊಟ್ರೂ ಹಂಗೇ."

"ನಿಮ್ಮಪ್ಪ ಕೊಟ್ಟದ್ದು ದೇವರಿಗೆ. ದೇವರ ಕೈಯಿಂದ ವಾಪಸ್ ಕೇಳ್ತೀಯಾ ಮಕರೆತಾ?"

"ದೇವರು ಯಾವಾಗಿಂದ ಆಲೂಗಡ್ಡೆ ವ್ಯಾಪಾರಕ್ಕೆ ನಿಂತ ಸ್ವಾಮಿ?"

ಪಾದ್ರಿಯ ಮುಖ ಕೆಂಪಾಯಿತು. ಆದರೂ ಮೆಲ್ಲಗೇ ಹೇಳಿದರು: "ದುಃಖದಲ್ಲಿದೀಯ, ಹೋಗಲಿ. ಭಾನುವಾರ ಬೆಳೆ ಹಬ್ಬ. ಹ್ಯಾಡೋ ಮೂರು ಮೂಟೆ ಕಳಿಸಿದಾರೆ. ಊಟಕ್ಕೆ ಬೇಯಿಸ್ತೀವಿ. ಸುಲಿಯೋಕೆ ನೀನು ಬಾ, ಮನಸ್ಸು ಹಗುರಾಗ್ತದೆ."

"ಅದನ್ನ ತಿನ್ಬೇಡಿ ಸ್ವಾಮಿ," ಎಂದ ಪಿರಿಪಿ. "ನಿಮ್ಮ ಕಾಲಿಗೆ ಬೀಳ್ತೀನಿ. ಅದು ನಮ್ಮೋರ ಎದೆ ಮೇಲೆ ಬೆಳೆದದ್ದು."

"ಇಷ್ಟು ವರ್ಷ ದೇವರ ವಾಕ್ಯ ಕೇಳಿಯೂ ಇನ್ನೂ ಇದೇ ಮೂಢನಂಬಿಕೆಯಾ ಪಿರಿಪಿ?"

ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ಭಾನುವಾರ ಪಿರಿಪಿ ಎಂದಿನಂತೆ ಗಂಟೆ ಹೊಡೆದ. ಪೀಠದ ಮುಂದೆ ಕುಂಬಳ, ಜೋಳದ ತೆನೆ, ಗೋಧಿಯ ಸಿವುಡು. ನಡುವೆ ಬಾಯಿ ತೆರೆದ ಮೂರು ಮೂಟೆ. ಗೆಡ್ಡೆಗಳನ್ನು ತೊಳೆದು ಜೋಡಿಸಿದ್ದರು. ಮಕರೆತಾ ನಾರಿನ ಬುಟ್ಟಿ ಹಿಡಿದು ಒಳಗೆ ಬಂದಾಗ ಬಾಗಿಲಲ್ಲಿದ್ದ ಸಭೆಯ ಹಿರಿಯರು ನಕ್ಕರು. "ನಿಮ್ಮೋರ ಕಾಣಿಕೇನೂ ಬಂತಾ? ಸಂತೋಷ. ಕೊನೇಲಿಡು."

ಅವಳು ಕೊನೆಯಲ್ಲಿಡಲಿಲ್ಲ. ಮೂಟೆಗಳ ಪಕ್ಕದಲ್ಲಿಟ್ಟು, ಅಲ್ಲೇ ನೆಲದ ಮೇಲೆ ಕುಳಿತಳು. ಬೈಬಲ್ ಪಾಠ ಓದಿದ್ದನ್ನು ಕೇಳಿದಳು. ಹಾಡಿಗೆ ದನಿಗೂಡಿಸಿದಳು. ಪಾದ್ರಿ ಕೈಯೆತ್ತಿ, "ಈ ನೆಲವು ಕೊಟ್ಟ ಫಲವನ್ನೆಲ್ಲ ಆಶೀರ್ವದಿಸು, ಕರ್ತನೇ" ಎಂದರು. ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಅಂದವಳು ಮಕರೆತಾ. ಎದ್ದು, ಬುಟ್ಟಿಯ ಮೇಲಿನ ಬಾಡಿದ ಸೊಪ್ಪು ತೆಗೆದಳು.

"ಇದೂ ಆ ನೆಲದ್ದೇ ಸ್ವಾಮಿ. ಇದಕ್ಕೂ ಸೇರಿಸಿ ಹೇಳಿದ್ರಿ. ಬಹಳ ಉಪಕಾರ ಆಯ್ತು."

ಮುಂದಿನ ಸಾಲಿನ ಹೆಂಗಸು ಕಿಟಾರನೆ ಕಿರುಚಿದಳು. ಹ್ಯಾಡೋ ಬೆಂಚು ಹಾರಿ ಬಂದ.

"ಥೂ, ಸೂಳೆಮುಂಡೆ! ದೇವರ ಮನೆಯೊಳಕ್ಕೆ ಹೆಣ ತಂದವ್ಳೆ!"

"ನಾನು ಒಂದು ಬುಟ್ಟಿ ತಂದೆ ಧಣಿ. ನೀವು ಮೂರು ಮೂಟೆ ತಂದ್ರಿ."

ಪೊಲೀಸಿನವನು ಅವಳನ್ನು ಠಾಣೆಗೆ ಕರೆದೊಯ್ದು ಎರಡು ತಪ್ಪು ಬರೆದುಕೊಂಡ. ಆರಾಧನೆಯ ಜಾಗ ಕೆಡಿಸಿದ್ದು ಒಂದು. ಅಪ್ಪಣೆಯಿಲ್ಲದೆ ಗೋರಿ ಅಗೆದದ್ದು ಎರಡು.

"ಅಲ್ಲಿ ಗೋರಿನೇ ಇಲ್ಲ ಅಂದ್ರಲ್ಲ ಪಾದ್ರಿಗಳು ಮೊನ್ನೆ?" ಎಂದ ಪಿರಿಪಿ.

"ಅದನ್ನ ಜಡ್ಜಿಗೆ ಹೇಳ್ಕೊ. ಬರೋ ತಿಂಗಳು ಬರ್ತಾರೆ."

ಮಕರೆತಾಳನ್ನು ಸರಳಿನ ಹಿಂದೆ ಹಾಕಿ, ಬುಟ್ಟಿಗೆ ಚೀಟಿ ಕಟ್ಟಿ ಪಕ್ಕದ ಕೋಣೆಯಲ್ಲಿಟ್ಟು ಬೀಗ ಹಾಕಿದ. ಅದು ಸಾಕ್ಷಿ, ಜಡ್ಜು ಬರುವ ತನಕ ಬಿಡುವಂತಿಲ್ಲ. ಬುಟ್ಟಿ ಮಣ್ಣು ಸೇರುವ ತನಕ ಮಕರೆತಾಳ ಕೈಗೂ ಬಿಡುಗಡೆಯಿಲ್ಲ. ಪಿರಿಪಿ ಗೆಣಸು, ಕಡ್ಡಿ ಹಿಡಿದು ಸರಳಿನ ಹತ್ತಿರ ಬಂದ.

"ಹೊರಗಿನ ತಿಂಡಿ ಕೊಡಂಗಿಲ್ಲ. ನಡಿ."

"ಅವಳು ಕೈಯಿಂದ ಊಟ ಮಾಡಂಗಿಲ್ಲ ಸಾಹೇಬ್ರೇ. ಒಂದೇ ಒಂದು ತುತ್ತು..."

"ಯಾಕೆ, ಕೈ ಕಟ್ಟಿದೀನಾ ನಾನು? ನಡಿಯೋ ಅಂದ್ರೆ!"

ಸಂಜೆ ಪೊಲೀಸನ ಹೆಂಡತಿ ಹಬ್ಬದ ಊಟವನ್ನೇ ಕಳಿಸಿದಳು. ಎರಡು ಚೂರು ಕುರಿಮಾಂಸ, ಸುತ್ತ ಬೆಂದ ಆಲೂಗಡ್ಡೆ. ಕೆಲವು ಸೀಳಿದ್ದವು. ಮಕರೆತಾ ಗೋಡೆಯ ಕಡೆ ಮುಖ ಮಾಡಿದಳು. ಸೋಮವಾರವೂ ಆಲೂಗಡ್ಡೆಯೇ ಬಂತು. ಮೂರನೆಯ ದಿನ ತಟ್ಟೆಯ ಅಂಚಿನಲ್ಲಿ ಒಂದು ತುಂಡು ರೊಟ್ಟಿಯೂ ಇತ್ತು.

ಜಡ್ಜು ಬರುವ ತನಕ ಬದುಕಿರಬೇಕು. ಅವಳಲ್ಲದೆ ಆ ಬುಟ್ಟಿಯನ್ನು ಕೇಳುವವರು ಯಾರು?

ಮಕರೆತಾ ಕಣ್ಣು ಮುಚ್ಚಿ ಊಟದ ಪ್ರಾರ್ಥನೆ ಹೇಳಿಕೊಂಡಳು. ಕೈಗಳನ್ನು ಬೆನ್ನ ಹಿಂದೆ ಕಟ್ಟಿದಳು. ಮಂಡಿಯೂರಿ, ಬಾಗಿ, ಆಲೂಗಡ್ಡೆಗೆ ತುಟಿ ತಾಗದಂತೆ, ರೊಟ್ಟಿಯನ್ನು ಬಾಯಿಂದ ಕಚ್ಚಿ ಎತ್ತಿಕೊಂಡಳು. ಅರ್ಧ ನೆಲಕ್ಕೆ ಬಿತ್ತು. ಅಲ್ಲಿಗೂ ಬಾಗಿದಳು.

"ಏ, ಬಾರೇ ಇಲ್ಲಿ!" ಪೊಲೀಸಿನವನು ಹೆಂಡತಿಯನ್ನು ಕೂಗಿದ. "ನಾಯಿ ಥರ ತಿಂತಾವ್ಳೆ ನೋಡು ಬಾ!"

ಹೆಂಗಸು ಬಂದಳು. ಕಂಕುಳಲ್ಲಿ ಮಗುವಿತ್ತು. ಇಬ್ಬರೂ ಸರಳಿನಾಚೆ ನಿಂತು ನೋಡಿದರು.

ಮಕರೆತಾ ಹಲ್ಲಿಲ್ಲದ ಒಸಡಿನಲ್ಲಿ ಒಣ ರೊಟ್ಟಿಯನ್ನು ಮೆಲ್ಲಗೆ ಅಗಿಯುತ್ತಿದ್ದಳು. ಬೆನ್ನ ಹಿಂದೆ ಕೈಗಳು ಬಿಗಿದೇ ಇದ್ದವು. ಉಗುರೊಳಗೆ ಗುರುವಾರದ ಮಣ್ಣು ಹಾಗೇ ಇತ್ತು.