ಉರಿ ನಿಂತ ಕಾಲು

ಎಡಗಾಲು ಅಂತ ಸರಿಯಾಗಿ ಬರೆದುಕೊಂಡರೋ ಇಲ್ಲವೋ, ನರ್ಸ್ ಬಂದು ಕೇಳಿದಾಗ ನಾನು ಎಡ ಅಂದೆನೋ ಬರೀ ತಲೆಯಾಡಿಸಿದೆನೋ, ತಲೆಯಾಡಿಸಿದ್ದರೆ ಅದರಲ್ಲಿ ಎಡ ಎಲ್ಲಿ ಬಲ ಎಲ್ಲಿ, ಎದ್ದು ಹೋಗಿ ಆಪರೇಶನ್ ಕೋಣೆಯ ಬಾಗಿಲು ತಟ್ಟಲೇ, ಬೇಡ, ಅವರಿಗೆ ಕಣ್ಣಿದೆ, ಮೂಗಿದೆ, ಅಪ್ಪನ ಯಾವ ಕಾಲು ಕೊಳೆತಿದೆ ಎಂದು ಕುರುಡನಿಗೂ ತಿಳಿದೀತು, ನಮಗೆ ಮಾತ್ರ ತಿಳಿಯಲಿಲ್ಲ — ನಮಗೆ ಅಂದರೆ ಅಪ್ಪನಿಗೆ, ಅವ್ವನಿಗೆ, ನನ್ನನ್ನು ಯಾಕೆ ಅವರ ಜೊತೆ ಸೇರಿಸಿಕೊಳ್ಳುತ್ತೇನೆ. ಪಕ್ಕದಲ್ಲಿ ಅವ್ವ ಕಣ್ಣು ಮುಚ್ಚಿ ತುಟಿ ಅಲುಗಿಸುತ್ತಿದ್ದಾಳೆ, ನನ್ನ ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಅಪ್ಪನ ಚಪ್ಪಲಿ, ಮಂಚದ ಕೆಳಗಿದ್ದದ್ದನ್ನು ನರ್ಸ್ ತೆಗೆದು ಕೈಗೆ ಕೊಟ್ಟಳು, ಇವನ್ನ ಇಟ್ಕೋರಿ, ಜೋಡಿಯಾಗಿಯೇ ಕೊಟ್ಟಳು, ಮೊಣಕಾಲ ಕೆಳಗೆ ಕತ್ತರಿಸುತ್ತಾರೆ ಎಂದು ಗೊತ್ತಿದ್ದೂ. ಚೀಲದೊಳಗೆ ಕೈ ಹಾಕಿದರೆ ಹೆಬ್ಬೆರಳಿಗೆ ಅದೇ ಸಿಗುತ್ತದೆ, ಎಡ ಚಪ್ಪಲಿಯ ಹಿಮ್ಮಡಿಯಲ್ಲಿ ಎದ್ದು ನಿಂತ ಮೊಳೆ, ಅಕ್ಕಿಕಾಳಿನಷ್ಟು, ತುಕ್ಕೂ ಹಿಡಿದಿಲ್ಲ, ವಾರಗಟ್ಟಲೆ ಮಾಂಸಕ್ಕೆ ತಿಕ್ಕಿ ತಿಕ್ಕಿ ಬೆಳ್ಳಿಯಂತೆ ಹೊಳೆಯುತ್ತದೆ. ಗಾಯ ನೋಡಿದ ಡಾಕ್ಟರು ಮೊದಲು ಕೇಳಿದ್ದೇ ಚಪ್ಪಲಿಯನ್ನು, ಮೊಳೆ ತೋರಿಸಿ, ಇದು ಚುಚ್ಚಿದ್ದು ಗೊತ್ತಾಗ್ಲಿಲ್ಲೇನ್ರಿ ಗಂಗಪ್ಪಾರ, ಎಂದರು, ಎಲ್ರೀ ಸಾಹೇಬ್ರ, ನನ್ನ ಕಾಲು ಈಗ ಹತ್ತಿ ಮ್ಯಾಲ ಇಟ್ಟಂಗ ಇರತಾವ, ಎಂದು ಅಪ್ಪ ನಕ್ಕ. ಹತ್ತಿ. ನಲವತ್ತು ವರ್ಷ ಹತ್ತಿ ಅಂಗಡಿಯಲ್ಲಿ ದುಡಿದವನು, ಒಂದು ಹಿಡಿ ಅರಳೆಯನ್ನು ಬೆರಳಲ್ಲಿ ಎಳೆದು ಎಳೆ ಎಷ್ಟುದ್ದ ಎಂದು ಕಣ್ಣು ಮುಚ್ಚಿ ಹೇಳುವವನು, ಆ ಬೆರಳು ಇರುವ ಮೈಯಲ್ಲೇ ಈ ಕಾಲೂ ಇತ್ತು.

ಅಂಬರೀಷ. ಅವನ ಹೆಸರು ನೆನೆದರೇ ಹಲ್ಲು ಕಡಿಯುವಂತಾಗುತ್ತದೆ, ಗೋಕುಲ ರಸ್ತೆಯಲ್ಲಿ ಟೈರ್ ಅಂಗಡಿಯ ಮೇಲೆ ಅವನ ಪಾದ ಚಿಕಿತ್ಸಾ ಕೇಂದ್ರ, ಗೋಡೆಯ ತುಂಬ ಎರಡು ದೊಡ್ಡ ಪಾದಗಳ ಚಿತ್ರ, ಹೆಬ್ಬೆರಳಲ್ಲಿ ಮೆದುಳು, ನಡುವೆ ಹೊಟ್ಟೆ, ಹಿಮ್ಮಡಿಯಲ್ಲಿ ಸೊಂಟ, ಇಡೀ ಮನುಷ್ಯ ಅಂಗಾಲಲ್ಲಿ ಮಡಚಿಕೊಂಡು ಕೂತಿದ್ದಾನೆ, ಕೆಳಗೆ ಸಾಲಾಗಿ ಕುರ್ಚಿ, ಗುಂಯ್ ಎನ್ನುವ ಯಂತ್ರಗಳ ಮೇಲೆ ಮುದುಕರ ಕಾಲುಗಳು. ಆರು ವರ್ಷ ಅಪ್ಪನ ಅಂಗಾಲು ಉರಿದಿತ್ತು, ಸಕ್ಕರೆ ಕಾಯಿಲೆ, ಹಸಿ ಬಟ್ಟೆ ಸುತ್ತಿಕೊಂಡು ಮಲಗುತ್ತಿದ್ದ, ಖಾರದ ಪುಡಿ ತುಳಿದಂಗಾಗತೈತಿ ಅನ್ನುತ್ತಿದ್ದ, ಯಂತ್ರದ ಮೇಲೆ ಕಾಲಿಟ್ಟ ನಲವತ್ತನೆಯ ದಿನ ಬೆಳಿಗ್ಗೆ ಎದ್ದು ಕೂಗಿದ, ಉರಿ ಹೋತಲೇ ಗುರು, ಉರಿ ಹೋತು, ರತ್ನಾ, ಎಂದು ಅವ್ವನನ್ನು ಕರೆದ, ಆ ಗುಳಿಗಿ ಡಬ್ಬಿ ಎತ್ತಿ ಗ್ವಾಡಿ ಮಾಡದಾಗ ಒಗಿ. ಅವತ್ತೇ ಪೇಡೆ ಹಿಡಿದು ಕೇಂದ್ರಕ್ಕೆ ಹೋದೆವು. ಅಲ್ಲಿ ಗುಣವಾದವರು ಎದ್ದು ನಿಂತು ಎಲ್ಲರ ಮುಂದೆ ಅನುಭವ ಹೇಳಬೇಕು, ಅದು ಅಂಬರೀಷನ ಪದ್ಧತಿ, ಹೇಳ್ರಿ ಗಂಗಪ್ಪಾರ, ನಿಮ್ಮ ಅನುಭವ ಕೇಳಿ ನಾಕು ಮಂದಿಗೆ ಧೈರ್ಯ ಬರಲಿ, ಅಪ್ಪ ಹೇಳಿದ, ಮೂಲೆಯಿಂದ ಯಾರೋ, ರೊಕ್ಕದ ಆಸೇಕ್ಕ ಹೇಳಾಕತ್ತೀರೇನ್ರೀ, ನಗು, ಅಪ್ಪ ನಗದೆ ನನ್ನತ್ತ ಬೆರಳು ಮಾಡಿ, ನಮ್ಮ ಗುರುಬಸವ ಬಿಎಸ್ಸಿ ಓದ್ಯಾನ್ರಿ, ಧಾರವಾಡದಾಗ, ಜೀವಶಾಸ್ತ್ರ, ಬೇಕಾರ ಅವನ್ನ ಕೇಳ್ರಿ. ಎಲ್ಲರೂ ತಿರುಗಿದರು. ನನಗೆ ಗೊತ್ತಿತ್ತು. ನರ ಸಾಯುವಾಗ ಉರಿಯುತ್ತದೆ, ಸತ್ತ ಮೇಲೆ ಸುಮ್ಮನಾಗುತ್ತದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಅದಕ್ಕೆ ಅಂಕವೂ ಬಂದಿತ್ತು, ಹತ್ತು ಸೆಕೆಂಡಿನ ಮಾತು, ಆದರೆ ನಾಲ್ಕು ವರ್ಷದಿಂದ ಕೆಲಸವಿಲ್ಲದೆ ಮನೆಯಲ್ಲಿದ್ದವನ ಡಿಗ್ರಿಯನ್ನು ಅಪ್ಪ ನಾಲ್ಕು ಜನರ ಮುಂದೆ ಎತ್ತಿ ಹಿಡಿದದ್ದು ಅದೇ ಮೊದಲು, ಅವನ ಮುಖ ನೋಡಿದೆ, ತಲೆಯಾಡಿಸಿದೆ, ಚಪ್ಪಾಳೆ ಬಿತ್ತು.

ಆಮೇಲೆ ಆ ಕೆಂಪು ಚುಕ್ಕೆಗಳು. ಮತ್ತ ಉಗುಳ್ಯಾರ ನೋಡ ಇಲ್ಲೆ, ಬಾಯಿಗೊಂದು ಗಡಿಗಿ ಕಟ್ಟಬೇಕ ನಿಮ್ಮಪ್ಪಗ, ಎಂದು ಅವ್ವ ನೆಲ ಒರೆಸುತ್ತ ಬೈದಳು, ನಿನ್ನಾಣಿ ನಾ ಇವತ್ತ ಎಲಿ ಅಡಿಕಿ ಹಾಕಿಲ್ಲ, ಅಂದ ಅಪ್ಪ, ಹಂಗಾರ ನಾ ಉಗುಳೀನೇನು, ಮೂರು ದಿನ ಇದೇ ಜಗಳ, ನಾನು ಪೇಪರ್ ಹಿಡಿದು ಕೂತಿದ್ದೆ, ಚುಕ್ಕೆಗಳು ಹೊಸ್ತಿಲಿನಿಂದ ಅಪ್ಪನ ಕುರ್ಚಿಯವರೆಗೆ ಸಮ ಅಂತರದಲ್ಲಿ ಬಂದಿದ್ದವು, ಎಲೆಯ ಉಗುಳು ಹೆಜ್ಜೆ ಹಾಕುವುದಿಲ್ಲ, ಅದೂ ಗೊತ್ತಾಯಿತು, ಪೇಪರ್ ತಿರುವಿದೆ. ಐದನೆಯ ದಿನ ವಾಸನೆ ಬಂದ ಮೇಲೆ ಕಾಲು ಎತ್ತಿ ನೋಡಿದೆ. ಏನು ಗಂಡಸು ನಾನು, ಮೌನ ಎಂದರೆ ಏನೋ ಘನವಾದದ್ದು ಎಂದು ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದೆ, ಥೂ.

ಆಸ್ಪತ್ರೆಯ ಮೆಟ್ಟಿಲಲ್ಲಿ ಈಗ ಅವನೇ, ಅಂಬರೀಷ, ಕೈಯಲ್ಲಿ ಬಾಳೆಹಣ್ಣು, ಬಿಳಿ ಅಂಗಿ, ಹಣೆಯ ಮೇಲೆ ವಿಭೂತಿ, ಹೆಂಗದಾರ್ರಿ ಗಂಗಪ್ಪಾರು, ಅವ್ವ ಎದ್ದು ನಿಂತಳು, ಎದ್ದು ನಿಂತಳು ಇವನಿಗೆ, ಒಳಗ ಕರಕೊಂಡ ಹೋಗ್ಯಾರಪ್ಪಾ, ನೀನರ ಉರಿ ತಗದಿದ್ದಿ, ಅಷ್ಟ ದಿನಾನರ ಪಾಪ ನಿದ್ದಿ ಮಾಡಿದ್ರು, ನಿನ್ನ ಋಣಾ ದೊಡ್ಡದು. ನನ್ನ ಕೈ ಚೀಲದೊಳಗೆ ಹೋಯಿತು, ಚಪ್ಪಲಿ ಹೊರಗೆ ಬಂತು, ಇವನ ಮುಖಕ್ಕೆ, ಮೊಳೆ ಇರುವ ಕಡೆಯಿಂದಲೇ, ನಿನ್ನ ಕೆನ್ನೆಗಾದರೂ ನೋವು ಗೊತ್ತಾಗಲಿ ಮಗನೇ, ಅಂಬರೀಷ ಒಂದು ಹೆಜ್ಜೆ ಹಿಂದೆ ಸರಿದ, ಸಿಟ್ಟಾಗಬ್ಯಾಡ್ರಿ ಗುರುಬಸವ, ನಾ ಪಿಯುಸಿ ನಪಾಸಾದಾಂವ, ಉರಿ ನಿಂತ್ರ ಗುಣಾ ಅಂತ ಖರೇನ ತಿಳಕೊಂಡಿದ್ದೆ, ನನಗೇನ ಗೊತ್ತಿತ್ರಿ, ನೀವು ಓದಿದವ್ರು, ಅವತ್ತ ನೀವೂ ಹೂಂ ಅಂದ್ರಿ, ನೀವು ಹೂಂ ಅಂದ ಮ್ಯಾಲ ನನಗೂ ಧೈರ್ಯ ಬಂತು. ಅವ್ವ ನನ್ನತ್ತ ತಿರುಗಿದಳು. ಏನ ಗುರು, ನಿನಗ ಗೊತ್ತಿತ್ತೇನ. ಚಪ್ಪಲಿ ಎತ್ತಿದ ಕೈ ಮೇಲೆಯೇ ಇದೆ, ಹೆಬ್ಬೆರಳಿನ ಕೆಳಗೆ ಮೊಳೆ, ಒತ್ತಿದೆ, ಇನ್ನೂ ಒತ್ತಿದೆ, ನೋಯುತ್ತದೆ, ನನಗೆ ಎಷ್ಟು ಚೆನ್ನಾಗಿ ನೋಯುತ್ತದೆ, ಬೆರಳಿನಿಂದ ಒಂದು ಹನಿ ಆಸ್ಪತ್ರೆಯ ಬಿಳಿ ನೆಲದ ಮೇಲೆ ಬಿತ್ತು, ಕೆಂಪು, ಒಂದೇ ಚುಕ್ಕೆ, ಮೊಳೆ ಹೊಳೆಯುತ್ತಿದೆ, ಮೊಳೆ —

ಅಪ್ಪಾ, ಉರಿ ನಿಂತದ್ದು ಗುಣ ಅಲ್ಲ, ನಿನ್ನ ಕಾಲು ಸಾಯಾಕತ್ತೈತಿ. ಇದನ್ನು ಅವತ್ತು ನಾನು ಹೇಳಲಿಲ್ಲ.