ವಿಶ್ರಾಂತಿಯ ಪಟ್ಟಿ

"ಅವನು ಸತ್ತು ಐದು ದಿನ ಆಯ್ತು, ಇನ್ನೂ ಅದೇ ಜಾಗ ನೋಡ್ಕೊಂಡು ನಿಂತಿದ್ದೀಯಲ್ಲೋ ಬೋಳಿಮಗನೆ! ಗೋಡೆ ಯಾರು ಉಜ್ತಾರೆ, ನಿಮ್ಮಪ್ಪ ಬರ್ತಾನಾ?"

ಮೇಸ್ತ್ರಿ ಮೇಲಿನಿಂದ ಬಗ್ಗಿ ಕೂಗುತ್ತಿದ್ದ. ನಾನು ಹಡಗಿನ ಹೊಟ್ಟೆಯಲ್ಲಿ, ಸರಕು ತುಂಬುವ ಹೋಲ್ಡಿನ ತಳದಲ್ಲಿ ಉದ್ದ ಕೋಲಿನ ಬ್ರಷ್ಷು ಹಿಡಿದು ನಿಂತಿದ್ದೆ. ಹೋದ ಸಲ ಇದರಲ್ಲಿ ಕಲ್ಲಿದ್ದಲು ತಂದಿದ್ದೆವು. ಈಗ ಗೋಧಿ ತುಂಬಬೇಕು. ಬಿಳಿ ಬಟ್ಟೆಯಲ್ಲಿ ಒರೆಸಿದರೂ ಗೋಡೆಯಿಂದ ಕಲೆ ಹತ್ತಬಾರದೆಂದು ಗೋಧಿಯವರ ಷರತ್ತು. ಗೋಧಿಗಿರುವ ಮರ್ಯಾದೆ ಅದನ್ನು ಹೊರುವವರಿಗೆ ಎಲ್ಲಿಂದ ಬರಬೇಕು?

ಅಣ್ಣ ಬಿದ್ದದ್ದು ಇಲ್ಲೇ. ಕಬ್ಬಿಣದ ಏಣಿಯ ಮೇಲಿಂದ, ಕೈಯಲ್ಲಿ ನೀರಿನ ಪೈಪು ಹಿಡಿದುಕೊಂಡೇ ಬಿದ್ದ. ಆಗ ಮಧ್ಯಾಹ್ನ ಎರಡೂವರೆ. ನಾವು ಕೆಳಗಿಳಿದದ್ದು ಹಿಂದಿನ ದಿನ ಬೆಳಿಗ್ಗೆ ಆರಕ್ಕೆ. ನಡುವೆ ಎರಡು ಗಂಟೆ ಗೋಡೆಗೊರಗಿ ಕಣ್ಣು ಮುಚ್ಚಿದ್ದೇ ನಮ್ಮ ನಿದ್ದೆ. ದಡದಿಂದ ದೋಣಿ ಬರುವವರೆಗೆ ಎರಡು ದಿನ ಅವನನ್ನು ಅಡುಗೆಯವನ ಶೀತಕೋಣೆಯಲ್ಲಿ, ಕೋಳಿಯ ಪೆಟ್ಟಿಗೆಗಳನ್ನು ಒಂದು ಪಕ್ಕ ಸರಿಸಿ ಇಟ್ಟರು. ಅದೇ ಕೋಳಿ ಆಮೇಲೆ ನಮ್ಮ ತಟ್ಟೆಗೆ ಬಂತು. ನಾನು ಬರೀ ಅನ್ನ ತಿಂದೆ.

ಒಡಹುಟ್ಟಿದ ಅಣ್ಣನೇನಲ್ಲ. ಇಪ್ಪತ್ತೆರಡು ಜನರ ಈ ಹಡಗಿನಲ್ಲಿ ನನ್ನ ಮಾತು ಆಡುತ್ತಿದ್ದವನು ಅವನೊಬ್ಬನೇ. ಉಳಿದವರ ಜೊತೆ ಹಡಗಿನ ಹರಕು ಭಾಷೆ: ಎಳಿ, ಬಿಡು, ತಿನ್ನು, ಬಾ. ಅದರಲ್ಲಿ ಬೈಸಿಕೊಳ್ಳಬಹುದು, ಅಳಲಾಗುವುದಿಲ್ಲ. ಈ ಐದು ದಿನದಲ್ಲಿ ನನ್ನ ಬಾಯಿಂದ ನಮ್ಮ ಮಾತು ಹೊರಟದ್ದು ಒಂದೇ ಸಲ. ನಿನ್ನೆ ಬೆಳಿಗ್ಗೆ ಮೇಲಿನ ಮಂಚದ ಹಲಗೆ ಬಡಿದು, "ಏಳಣ್ಣಾ, ಮೇಸ್ತ್ರಿ ಬಾಯಿ ಬಡ್ಕೋತಾನೆ" ಎಂದುಬಿಟ್ಟೆ. ಮೇಲೆ ಸುರುಳಿ ಸುತ್ತಿದ ಹಾಸಿಗೆ ಮಾತ್ರ ಇತ್ತು. ನನಗೆ ತುಂಬ ಹೆದರಿಕೆಯಾಯಿತು.

"ಹತ್ತೋ ಮೇಲೆ, ಕ್ಯಾಪ್ಟನ್ ಕರೀತಿದಾರೆ! ಬೂಟು ಹೊರಗೇ ಬಿಚ್ಚು. ಅಲ್ಲಿ ಹಾಸಿರೋದು ಹಾಳಾದ್ರೆ ನಿನ್ನ ಚರ್ಮ ಸುಲಿದು ಹಾಸ್ತಾರೆ."

ಕ್ಯಾಪ್ಟನ್ನನ ಕೋಣೆಯಲ್ಲಿ ಕಂಪನಿಯ ವಕೀಲ ಕೂತಿದ್ದ. ದೋಣಿಯಲ್ಲಿ ಬರುವಾಗ ತೊಡಿಸಿದ್ದ ಲೈಫ್ ಜಾಕೆಟ್ಟನ್ನು ಒಳಗೆ ಬಂದ ಮೇಲೂ ಬಿಚ್ಚಿರಲಿಲ್ಲ, ಪುಣ್ಯಾತ್ಮ. ನಾನು ನಿಲ್ಲಲೆಂದು ನೆಲದ ಮೇಲೆ ಹಳೇ ಪತ್ರಿಕೆ ಹಾಸಿದ್ದರು. ಅದರ ಮೇಲೆ ನಿಂತೆ.

"ಕಾನೂನು ಈಗ ನಿಮ್ಮಂಥೋರ ಕಡೆ ಇದೆಯಪ್ಪ," ಎಂದ ವಕೀಲ ತನ್ನ ಭಾಷೆಯಲ್ಲಿ. "ದಿನಕ್ಕೆ ಹತ್ತು ಗಂಟೆ ವಿಶ್ರಾಂತಿ ಕೊಡ್ಲೇಬೇಕು. ಬರೆದಿಡ್ಲೇಬೇಕು. ನೀವು ಸಹಿ ಹಾಕ್ಲೇಬೇಕು. ನಮ್ಮ ಕಂಪನಿ ಚಾಚೂ ತಪ್ಪದೆ ಮಾಡಿದೆ, ನೋಡು."

ನೋಡುವುದೇನು, ಬರೆದವನೇ ನಾನು. ಎರಡು ವರ್ಷ ಕಾಲೇಜಿಗೆ ಹೋಗಿದ್ದೆನೆಂಬ ತಪ್ಪಿಗೆ ಕ್ಯಾಪ್ಟನ್ ಈ ಕೆಲಸ ನನಗೆ ಅಂಟಿಸಿದ್ದ. ಒಬ್ಬೊಬ್ಬನಿಗೆ ಒಂದೊಂದು ಹಾಳೆ, ದಿನಕ್ಕೆ ಇಪ್ಪತ್ನಾಲ್ಕು ಚೌಕ. ಕಪ್ಪು ಮಾಡಿದ ಚೌಕವೆಂದರೆ ವಿಶ್ರಾಂತಿ. ಒಂದನೇ ತಾರೀಕು ಕೂತರೆ ಇಡೀ ತಿಂಗಳದ್ದು ಒಂದೇ ಏಟಿಗೆ ಮುಗಿಸುತ್ತಿದ್ದೆ. ಎಲ್ಲರೂ ಸಾಲಾಗಿ ಬಂದು ಮೂವತ್ತು ಸಹಿ ಗೀಚಿ ಹೋಗುತ್ತಿದ್ದರು. "ಸ್ವಲ್ಪ ಧಾರಾಳವಾಗಿ ಬರಿಯೋ ತಮ್ಮಾ, ಕಾಗದದಲ್ಲಾದ್ರೂ ಗೊರಕೆ ಹೊಡೀತೀನಿ" ಎಂದಿದ್ದ ಅಣ್ಣ. ಕಾಗದದ ನಿದ್ದೆಗೆ ಬಡತನವೇಕೆ ಎಂದು ನಗುತ್ತ ಅವನಿಗೆ ಎಲ್ಲ ಮಧ್ಯಾಹ್ನಗಳನ್ನೂ ಕೊಟ್ಟಿದ್ದೆ.

ವಕೀಲ ಬೆರಳಿಟ್ಟ. "ಒಂಬತ್ತನೇ ತಾರೀಕು. ಹನ್ನೆರಡರಿಂದ ಆರರವರೆಗೆ ವಿಶ್ರಾಂತಿ. ಬಿದ್ದಿದ್ದು ಎರಡೂವರೆಗೆ. ಅಂದ್ರೆ ಕೆಲಸದ ಮೇಲೆ ಸತ್ತಿಲ್ಲ. ಮಲಗೋ ಹೊತ್ತಲ್ಲಿ ತಾನಾಗೇ ಇಳಿದಿದ್ದಾನೆ, ಯಾಕೆ ಅಂತ ದೇವರಿಗೇ ಗೊತ್ತು. ಹೀಗಿದ್ರೆ ಪರಿಹಾರ ಬರಲ್ಲ. ಕಂಪನಿ ದಯೆಯಿಂದ ಏನೋ ಕೊಡುತ್ತೆ."

ಅಣ್ಣ ಸತ್ತ ಮೇಲೂ ಆ ಹಾಳೆಯಲ್ಲಿ ಇಪ್ಪತ್ತೊಂದು ದಿನ ದುಡಿದು, ಮಲಗಿ, ಸಹಿ ಹಾಕಿದ್ದ. ಆ ಸಾಲುಗಳ ಮೇಲೆ ಯಾರೋ ಬಿಳಿ ಶಾಯಿ ಬಳಿದಿದ್ದರು.

"ನನ್ನಿಂದ ಏನಾಗ್ಬೇಕು ಸಾರ್?"

"ಕೊಟ್ಟಷ್ಟಕ್ಕೆ ಒಪ್ಪಿದೆ ಅಂತ ಅವನ ಹೆಂಡತಿ ಸಹಿ ಹಾಕ್ತಿಲ್ಲ. ನಮ್ಮ ಏಜೆಂಟು ಮೂರು ಸಲ ಹೋಗಿ ಬಂದ. ಜೊತೇಲಿದ್ದೋನು ಬಾಯಿಬಿಟ್ಟು ಹೇಳ್ಲಿ, ಆಮೇಲೆ ಹಾಕ್ತೀನಿ ಅಂತಾಳೆ. ಕೆಲಸ ಇಲ್ದಾಗ ಹೋಗಿ ಬಿದ್ದ ಅಂತ ನೀನು ಹೇಳ್ಬಿಡು, ಮುಗೀತು."

ಕ್ಯಾಪ್ಟನ್ ಡ್ರಾಯರಿನಿಂದ ನನ್ನ ನಾವಿಕ ಪುಸ್ತಕ ತೆಗೆದು ಮೇಜಿನ ಮೇಲಿಟ್ಟ. "ಇದರಲ್ಲಿ ನಿನ್ನ ಬಗ್ಗೆ ಇನ್ನೂ ಏನೂ ಬರೆದಿಲ್ಲ. ಒಳ್ಳೇದೇ ಬರೆಯೋಣ ಅಂತಿದ್ದೀನಿ." ಅದರಲ್ಲಿ ಒಂದು ಕೆಟ್ಟ ಸಾಲು ಬಿದ್ದರೆ ಮುಂದೆ ಯಾವ ಹಡಗೂ ನನ್ನನ್ನು ಹತ್ತಿಸಿಕೊಳ್ಳುವುದಿಲ್ಲ. ಅದು ಅವನಿಗೂ ಗೊತ್ತು, ನನಗೂ ಗೊತ್ತು.

ಫೋನು ಕೈಗೆ ಕೊಟ್ಟರು. ಅತ್ತಿಗೆಯನ್ನು ನಾನು ಕಂಡವನೇ ಅಲ್ಲ.

"ಯಾರು, ತಮ್ಮನಾ?" ಎಂದಳು. "ಅವರು ನಿಮ್ಮ ವಿಷಯ ಹೇಳ್ತಾನೇ ಇರೋರು."

ಐದು ದಿನದ ಮೇಲೆ ನಮ್ಮ ಮಾತು ಕಿವಿಗೆ ಬಿತ್ತು. ವಕೀಲ ಹೇಳು ಹೇಳು ಎಂದು ಕೈಯಾಡಿಸಿದ.

"ಅತ್ತಿಗೆ, ಸಹಿ ಹಾಕ್ಬೇಡಿ," ಎಂದೆ. "ಅಣ್ಣ ಸುಮ್ನೆ ಓಡಾಡ್ತಾ ಬಿದ್ದಿಲ್ಲ. ಹಿಂದಿನ ದಿನ ಬೆಳಿಗ್ಗೆ ಇಳಿಸಿದೋರು ಬೀಳೋವರೆಗೂ ದುಡಿಸಿದ್ರು. ಮಲಗಿದ್ದ ಅಂತ ಕಾಗದದಲ್ಲಿರೋದು ಸುಳ್ಳು. ಆ ಸುಳ್ಳು ಬರೆದೋನು ನಾನೇ, ಒಂದನೇ ತಾರೀಕೇ ಕೂತು ಬರೆದೆ. ನನ್ನನ್ನ ಎಷ್ಟು ಬೇಕಾದ್ರೂ ಬೈರಿ. ಆದ್ರೆ ಕೋರ್ಟಿಗೆ ಹೋಗಿ. ನಾನು ಬಂದು ಹೇಳ್ತೀನಿ."

ವಕೀಲ ಮುಗುಳ್ನಗುತ್ತ ತಲೆಯಾಡಿಸುತ್ತಿದ್ದ. ನಾನು ನಿಲ್ಲಿಸಿದಾಗ, "ಇಷ್ಟುದ್ದ ಏನು ಹೇಳ್ದೆ?" ಎಂದು ಕೇಳಿದ.

ಹೇಳಿದ್ದನ್ನೇ ಅವರ ಭಾಷೆಯಲ್ಲಿ, ಒಂದಕ್ಷರ ಬಿಡದೆ, ಮತ್ತೆ ಹೇಳಿದೆ.

"ಸೂಳೆಮಗನೆ!" ಕ್ಯಾಪ್ಟನ್ ಎದ್ದ. "ಉಂಡ ಮನೆಗೆ ಎರಡು ಬಗೀತೀಯೇನೋ? ಇಡೋ ಫೋನು!"

ಇಡಲಿಲ್ಲ. ಆ ಕಡೆ ಅತ್ತಿಗೆ ಅಳುತ್ತಲೂ ಇರಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಕೇಳಿದ್ದು ಇಷ್ಟೇ:

"ತಮ್ಮಾ, ಅವತ್ತು ಅವರು ಊಟ ಮಾಡಿದ್ರಾ?"

ಮಾಡಿರಲಿಲ್ಲ. ಗೋಡೆ ಮುಗಿಯುವವರೆಗೆ ಯಾರಿಗೂ ಊಟವಿಲ್ಲ ಎಂದು ಕ್ಯಾಪ್ಟನ್ನನ ಅಪ್ಪಣೆಯಾಗಿತ್ತು.

"ಏನಂತೆ? ಏನು ಕೇಳ್ತಿದ್ದಾಳೆ?" ವಕೀಲ ಮೇಜು ಬಡಿದ.

"ಅವತ್ತು ಊಟ ಮಾಡಿದ್ನಾ ಅಂತ ಕೇಳ್ತಿದ್ದಾಳೆ," ಎಂದೆ. "ನೀವೇ ಹೇಳಿ ಸಾರ್."

ಫೋನನ್ನು ಕ್ಯಾಪ್ಟನ್ನನ ಮುಂದೆ ಚಾಚಿದೆ. ಅವನು ತೆಗೆದುಕೊಳ್ಳಲಿಲ್ಲ. ವಕೀಲನ ಕಡೆ ಚಾಚಿದೆ. ಅವನು ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡ. ಫೋನಿನೊಳಗಿಂದ ಅತ್ತಿಗೆ, "ಹಲೋ... ಹಲೋ..." ಎನ್ನುತ್ತಿದ್ದಳು. ನಾನು ಕೈ ಇಳಿಸಲಿಲ್ಲ.