ಮೌನ ಎಂಬ ಹೆಸರಿನ ಫೈಲುಗಳು

ಪರದೆಯ ನಡುವೆ ಆ ಪುಟ್ಟ ಪೆಟ್ಟಿಗೆ ಮತ್ತೆ ಮೂಡಿತು. ಇದೇ ಹೆಸರಿನ ಫೈಲು ಇಲ್ಲಿ ಆಗಲೇ ಇದೆ. ಅದರ ಜಾಗದಲ್ಲಿ ಇದನ್ನಿಡಲೇ, ಬಿಟ್ಟುಬಿಡಲೇ, ಎರಡನ್ನೂ ಉಳಿಸಲೇ ಎಂದು ಕೇಳಿತು. ಕುತ್ತಿಗೆಯಲ್ಲಿ ಅಳತೆಯ ಟೇಪು ಜೋತುಬಿಟ್ಟುಕೊಂಡೇ ಕಂಪ್ಯೂಟರಿನ ಮುಂದೆ ಕೂತಿದ್ದ ದರ್ಜಿಯಮ್ಮನಿಗೆ ರೇಗಿತು. "ಎಷ್ಟು ಸಲ ಅಪ್ಪಣೆ ಕೇಳ್ತೀಯೋ ಮಾರಾಯ, ಇಡು ಅಂದ್ಮೇಲೆ ಇಡು" ಎಂದು ಗೊಣಗಿ, 'ಎಲ್ಲಕ್ಕೂ ಹೀಗೆಯೇ' ಎನ್ನುವಲ್ಲಿ ಗುರುತು ಹಾಕಿ ಮೊದಲನೆಯದನ್ನೇ ಒತ್ತಿದಳು. ಆಮೇಲೆ ತಕರಾರಿಲ್ಲದೆ ಎಲ್ಲವೂ ಸರಿದು ಹೋದವು. ಅರ್ಧ ಹೊಲಿದು ಕಿಟಕಿಗೆ ಇಳಿಬಿಟ್ಟಿದ್ದ ಪರದೆ ಬಟ್ಟೆಯ ಮೂಲಕ ಸಂಜೆಯ ಬಿಸಿಲು ತಿಳಿ ಹಳದಿಯಾಗಿ ಬಂದು ನೆಲದ ಮೇಲೆ ತೇಲುತ್ತಿತ್ತು.

ಅವಳ ಗಂಡ ಸಿನಿಮಾಗಳಿಗೆ ಶಬ್ದ ಹಿಡಿಯುವವನು. ಕಿವಿಯಪ್ಪ ಎಂದೇ ಎಲ್ಲರೂ ಕರೆಯುವುದು. ಯಾವ ಕೋಣೆಯಲ್ಲಿ ಚಿತ್ರೀಕರಣ ಮುಗಿದರೂ ಕಿವಿಯಪ್ಪ ಒಂದು ಬೆರಳು ಎತ್ತುತ್ತಿದ್ದ. ಆ ಬೆರಳು ಇಳಿಯುವ ತನಕ ನಾಯಕಿಯೂ ಅಲುಗುವಂತಿರಲಿಲ್ಲ. ಆ ಕೋಣೆಯ ಬರಿಯ ಮೌನವನ್ನು ಹಿಡಿದಿಟ್ಟುಕೊಳ್ಳುತ್ತಿದ್ದ. ಮಾತುಗಳ ನಡುವೆ ತೂತು ಬಿದ್ದಲ್ಲಿ ತೇಪೆ ಹಾಕಲು ಅದು ಬೇಕು. ಮಕ್ಕಳು ಮನೆಗೆ ಹೋದ ಮೇಲಿನ ಶಾಲೆ, ಫ್ಯಾನು ನಿಲ್ಲಿಸಿದ ಕ್ಷೌರದಂಗಡಿ, ಸಮುದ್ರದ ಕಡೆ ಕಿಟಕಿಯಿದ್ದ ಮನೆ, ಒಂದೊಂದಕ್ಕೂ ಒಂದೊಂದು ಫೋಲ್ಡರು. ಒಳಗಿನ ಫೈಲಿಗೆ ಮಾತ್ರ ಎಲ್ಲ ಕಡೆಯೂ ಒಂದೇ ಹೆಸರು: ಮೌನ. "ಅದಕ್ಕೆ ಇನ್ನೇನು ಹೆಸರಿಡೋದು ಕಣೇ?" ಎಂದು ಕೇಳುತ್ತಿದ್ದ.

ಈಗ ಆ ಕಿವಿಗಳು ದಣಿಯುತ್ತಿದ್ದವು. ಸಣ್ಣ ಸದ್ದುಗಳು ಮೊದಲು ಹೋಗುತ್ತವೆ ಎಂದು ವೈದ್ಯರು ಹೇಳಿದ್ದರು. ಹೋಗುವ ಮೊದಲು ಎಲ್ಲ ಮೌನಗಳನ್ನೂ ಒಮ್ಮೆ ಕೇಳಿಬಿಡಬೇಕೆಂದು ಅವನು ಹೊರಟಿದ್ದ. ಕಣ್ಣೂ ಮಂಜು; ಫೋಲ್ಡರುಗಳಲ್ಲಿ ದಾರಿ ತಪ್ಪಿ ತಡಕಾಡುತ್ತಿದ್ದ. ಅವನು ತಿರುಗಾಡಿ ಬರುವಷ್ಟರಲ್ಲಿ ಎಲ್ಲವನ್ನೂ ಎತ್ತಿ ಒಂದೇ ಕಡೆ ಜೋಡಿಸಿಡೋಣ ಎಂಬುದು ಅವಳ ಆಸೆ. ಪಾಪ, ಒಳ್ಳೆಯದಕ್ಕೇ ಮಾಡಿದ್ದು.

ಹೊಸ ಫೋಲ್ಡರು ತೆರೆದಳು. ಒಳಗೆ ಒಂದೇ ಒಂದು ಫೈಲಿತ್ತು.

ಹಳೆಯವನ್ನು ತೆರೆದಳು: ಖಾಲಿ, ಖಾಲಿ. ಕಸದ ಬುಟ್ಟಿಯಲ್ಲೂ ಇಲ್ಲ. ಬಂದ ಫೈಲೊಂದೊಂದೂ ಮೊದಲಿದ್ದುದನ್ನು ನುಂಗಿ ಅದರ ಜಾಗದಲ್ಲಿ ಕೂತಿತ್ತು. ಕಂಪ್ಯೂಟರ್ ರಿಪೇರಿಯವನಿಗೆ ಫೋನು ಮಾಡಿದರೆ, "ಈ ಥರದ ಡಿಸ್ಕು ಖಾಲಿ ಜಾಗಾನ ಆಗ್ಲೇ ಒರೆಸಿಬಿಡುತ್ತೆ ಅಕ್ಕಾ. ನೋಡ್ತೀನಿ, ಆದ್ರೆ ಆಸೆ ಇಟ್ಕೋಬೇಡಿ" ಎಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈ ಗುಂಡಿ ಒತ್ತಿದರೂ ಅಷ್ಟೇ.

ಕಿವಿಯಪ್ಪ ಬಂದು ಚಪ್ಪಲಿ ಬಿಡುತ್ತಿದ್ದಂತೆಯೇ ಹೇಳಿಬಿಟ್ಟಳು. ಅವನಿಗೆ ಕೇಳಿಸಲೆಂದು ಜೋರಾಗಿ ಹೇಳಬೇಕಾಯಿತು, ಅದು ಇನ್ನೂ ಕಷ್ಟವಾಯಿತು.

"ರೀ, ನಿಮ್ಮ ಮೌನ ಎಲ್ಲಾ ಹೋಯ್ತು. ನಾನೇ ಕೈಯಾರೆ ಹಾಳು ಮಾಡ್ದೆ. ಒಂದೇ ಉಳಿದಿರೋದು."

ಅವನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಕುರ್ಚಿಯಲ್ಲಿ ಕೂತು ಹೆಡ್‌ಫೋನು ಹಾಕಿಕೊಂಡು ಉಳಿದದ್ದನ್ನು ಕೇಳಿದ. ಮುಖ ನಿಧಾನಕ್ಕೆ ಸಡಿಲವಾಯಿತು.

"ಇದಾ? ಆ ಆಲೂಗಡ್ಡೆ ಗೋದಾಮು ಕಣೇ. ಥಂಡಿ ಮೆಷೀನು ಗುಂಯ್ ಅಂತಿದೆ. ಯಾತಕ್ಕೂ ಬಾರದ ಮೌನ, ಎಲ್ಲೂ ಬಳಸ್ಲಿಲ್ಲ. ಪಾಪಿ ಚಿರಾಯು ಅಂತಾರಲ್ಲ, ಹಂಗೆ ಉಳ್ಕೊಂಡಿದೆ."

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. "ಬೇರೆ ಯಾವ್ದಾದ್ರೂ ಉಳೀಬಾರ್ದಿತ್ತಾ?"

"ನಮ್ಮ ಮೊದಲನೇ ಬಾಡಿಗೆ ಕೋಣೇದೂ ಹೋಯ್ತಾ ಹಂಗಾದ್ರೆ?" ಎಂದು ಅವನು ಪರದೆಯನ್ನೇ ನೋಡುತ್ತ ಕೇಳಿದ.

"ಅದೂ ಇತ್ತಾ?"

"ರೆಕಾರ್ಡಿಂಗ್ ಮೆಷೀನು ಕೊಂಡ ದಿನ ಹಿಡಿದದ್ದು. ನೀನು ಕಿಟಕಿ ಹತ್ರ ಉಸಿರು ಬಿಗಿ ಹಿಡ್ಕೊಂಡು ನಿಂತಿದ್ದೆ. ಕೊನೇಲಿ ತಡೀಲಾರ್ದೆ ಫೂ ಅಂತ ಬಿಟ್ಟೆ."

"ಮೌನ ಕೆಡಿಸಿದೆ ಅಂತ ಬೈದ್ರಿ."

"ಬೈದೆ. ಅಳಿಸ್ಲಿಲ್ಲ. ಎಲ್ಲಾ ಆದ್ಮೇಲೆ, ಕಟ್ಟಕಡೇಲಿ ಕೇಳೋಣ ಅಂತ ಇಟ್ಟಿದ್ದೆ."

ಆ ಕೋಣೆಯಿದ್ದ ಕಟ್ಟಡವೇ ಈಗ ಇಲ್ಲ. ಇಷ್ಟು ವರ್ಷ ಒಂದು ಮಾತು ಹೇಳಬಾರದಿತ್ತೇ ಎಂದು ಅವಳಿಗೆ ಸಿಟ್ಟು ಬಂತು. ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಳು. ಬಿಸಿಲು ನೆಲ ಬಿಟ್ಟು ಗೋಡೆ ಹತ್ತಿತ್ತು.

"ಇನ್ನೊಂದ್ಸಲ ಕೇಳ್ತೀನಿ" ಎಂದು ಕಿವಿಯಪ್ಪ ಗೋದಾಮನ್ನೇ ಮತ್ತೆ ಹಾಕಿದ. ಕಣ್ಣು ಮುಚ್ಚಿದ. ಹಳೆಯ ಅಭ್ಯಾಸ, ಬೆರಳು ತಾನಾಗಿ ಮೇಲೆದ್ದಿತು. ಅವಳು ಟೇಪು ಸುತ್ತುವುದನ್ನು ನಿಲ್ಲಿಸಿ ಕುರ್ಚಿಯ ಹಿಂದೆ ಬಂದು ನಿಂತಳು. ಪರದೆಯ ಮೇಲೆ ಸಣ್ಣ ಗೆರೆಯೊಂದು ಎಡದಿಂದ ಬಲಕ್ಕೆ ಹರಿಯುತ್ತಿತ್ತು. ಅದು ಹೊರಟಾಗಲೇ ಅವಳು ಉಸಿರು ಬಿಗಿ ಹಿಡಿದಿದ್ದಳು.

ಗೆರೆ ಕೊನೆ ಮುಟ್ಟುವ ಹೊತ್ತಿಗೆ ಬಗ್ಗಿ, ಅವನ ಕತ್ತಿನ ಹಿಂದೆ ಮೆಲ್ಲಗೆ ಉಸಿರು ಬಿಟ್ಟಳು. ಅಲ್ಲಿನ ಬಿಳಿ ಕೂದಲು ಅಲುಗಿತು.

ಫೈಲು ಮುಗಿದು ಗೆರೆ ನಿಂತಿತು. ಎತ್ತಿದ ಬೆರಳನ್ನು ಅವನು ಇಳಿಸಲಿಲ್ಲ.